ಯಮುನಾಬಾಯಿಗೆ ಉಡಿ ತುಂಬಿದ್ದು

೧೯೫೯, ಫೆಬ್ರುವರಿ ೩, ಮಂಗಳವಾರ

ನಾಟಕ ಕಂಪನಿ ಬಂತು! ಸಿದ್ದಾಪುರದ ಮೊಕ್ಕಾಂ ಮುಗಿಸಿಕೊಂಡು ನಿನ್ನೆ ಸಂಜೆ ನಮ್ಮ ಶಿರಸಿಯ ಬಿಡ್ಕಿಬೈಲಿನಲ್ಲಿ ಲಾರಿಗಳಿಂದ ಸಾಮಾನು ಇಳಿಸಿದರಂತೆ. ಇಂದು ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಬ್ಯಾಂಡು ಬಾರಿಸುತ್ತ ನಮ್ಮ ಓಣಿಗೂ ಬಂದು ಹ್ಯಾಂಡ್‌ಬಿಲ್ಲು ಎಸೆದರು. ನಾನು ನಲವತ್ತಾರು ವರ್ಷದ ಹೆಂಗಸು, ಜವಳಿ ಅಂಗಡಿಯವರ ಮನೆಯ ಯಜಮಾನತಿ. ಬೀದಿಗಿಳಿದು ಕಾಗದ ಹೆಕ್ಕಬಾರದು. ಹೆಕ್ಕಿದೆ.

ಶ್ರೀ ಕಲ್ಲೇಶ್ವರ ಕೃಪಾಪೋಷಿತ ನಾಟಕ ಮಂಡಳಿ. ಹೊಚ್ಚಹೊಸ ಸಾಮಾಜಿಕ ನಾಟಕ: ‘ಒಳಕೋಣೆಯ ಸೊಸೆ, ಅರ್ಥಾತ್ ಯಾರಿಗೆ ಹೇಳಲಿ.’ ಕೆಳಗೆ ದಪ್ಪ ಅಕ್ಷರದಲ್ಲಿ, ‘ತಾಯಂದಿರೇ, ಬರುವಾಗ ಕರವಸ್ತ್ರ ತನ್ನಿರಿ.’ ಕರವಸ್ತ್ರವಂತೆ! ನಮಗೆಲ್ಲ ಸೆರಗು ಇರುವುದು ಯಾತಕ್ಕೆ?

ಈ ಡೈರಿ ಹುಬ್ಬಳ್ಳಿಯ ಜವಳಿ ಏಜೆಂಟ ಇವರಿಗೆ ಕೊಟ್ಟದ್ದು. ಇವರು ಎಂದರೆ ನನ್ನ ಯಜಮಾನರು. ಗಂಡನ ಹೆಸರು ಬಾಯಿಂದ ಹೇಳಬಾರದು, ನಿಜ; ಆದರೆ ಬರೆಯಬಾರದು ಎಂದು ಯಾರೂ ಹೇಳಿಲ್ಲ. ಅಂದಾನಪ್ಪ. ಬರೆದಾಯಿತು.

ಎರಡು ವರ್ಷವಾಯಿತು, ನಾನು ಯಾವ ಆಟಕ್ಕೂ ಹೋಗಿಲ್ಲ. ಒಬ್ಬನೇ ಮಗ ಚನ್ನವೀರ ವಿಷಮಜ್ವರದಲ್ಲಿ ಹೋದ ಮೇಲೆ ಬ್ಯಾಂಡಿನ ಸದ್ದು ಕೇಳಿದರೆ ಸಿಟ್ಟು ಬರುತ್ತಿತ್ತು. ಇಂದು ಬರಲಿಲ್ಲ. ಸೊಸೆ ಕಲ್ಲವ್ವ ಒಳಗಿಂದಲೇ, “ಯಾವ ನಾಟಕ್ರೀ ಅತ್ತಿ?” ಎಂದು ಕೇಳಿದಳು. ಆ ಹುಡುಗಿ ತಾನಾಗಿ ಏನಾದರೂ ಕೇಳಿ ಎಷ್ಟು ದಿನವಾಗಿತ್ತೋ.

ಫೆಬ್ರುವರಿ ೫, ಗುರುವಾರ

ಕಲ್ಲವ್ವನ ಅಣ್ಣ ಕೆರಿಯಪ್ಪ ಬನವಾಸಿ ಕಡೆಯಿಂದ ಬಂದಿದ್ದ. ಬೆಲ್ಲ, ಅವರೆಕಾಯಿ ತಂದಿದ್ದ. ಬರಿಗೈಯಲ್ಲಿ ಬಂದಿದ್ದರೆ ಚೆನ್ನಾಗಿತ್ತು. ಇವರೂ ನಾನೂ ಅವನೂ ಪಡಸಾಲೆಯಲ್ಲಿ ಕೂತೆವು.

“ಅತ್ತಿಯವರ, ತಂಗಿ ಇನ್ನೂ ಇಪ್ಪತ್ತೊಂದರಾಕಿ,” ಎಂದು ಶುರು ಮಾಡಿದ. “ಅರಬೈಲ್ ಘಟ್ಟದಾಗ ಬಸಪ್ಪ ಅಂತ ಒಬ್ಬಾಂವ ಖಾನಾವಳಿ ಇಟ್ಟಾನ. ಲಾರಿಯವರೆಲ್ಲ ಅಲ್ಲೇ ಉಣ್ಣೂದು. ಮೊದಲನೇ ಹೆಂಡ್ತಿ ಬಾಣಂತನದಾಗ ತೀರಿಕೊಂಡ್ಲು. ಮಕ್ಕಳಿಲ್ಲ, ತಾಯಿ ಒಬ್ಬಾಕಿ ಅದಾಳ. ನೀವು ಹೂಂ ಅಂದ್ರ ಯುಗಾದಿ ಒಳಗ ಉಡಿಕಿ ಮಾಡಿ ಮುಗಸೂಣು.”

ಉಡಿಕಿ ಎಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸುವುದು. ನಮ್ಮವರಲ್ಲಿ ಉಂಟು, ಇಲ್ಲವೆನ್ನುವುದಿಲ್ಲ. ಕತ್ತಲಲ್ಲಿ, ಮುತ್ತೈದೆಯರು ಯಾರೂ ಎದುರಿಗೆ ಬಾರದಂತೆ ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಇಂದಿನವರೆಗೆ ಆಗಿಲ್ಲ.

“ಇಲ್ಲಿ ಆಕಿಗೆ ಏನ್ ಕಡಿಮಿ ಆಗೈತಿ?” ಎಂದೆ. ಕೆರಿಯಪ್ಪ ತಲೆ ತಗ್ಗಿಸಿದ. ಇವರು ಯಥಾಪ್ರಕಾರ ಅಡ್ಡಗೋಡೆಯ ಮೇಲೆ ದೀಪವಿಟ್ಟರು: “ನೋಡೂಣು, ಮಾರ್ಚ್ ತಿಂಗಳ ಮೊದಲನೇ ಐತವಾರ ಬಾ. ಅಷ್ಟರಾಗ ವಿಚಾರ ಮಾಡಿ ಹೇಳ್ತೀವಿ.”

ವಿಚಾರವೇನು ಬಂತು? ನಾನು ಕೊಡುವುದಿಲ್ಲ. ಅವಳು ಹೋದರೆ ಚನ್ನವೀರ ಎರಡನೇ ಸಲ ಹೋದಂತೆ. ಅವನ ಹೆಸರು ಹೇಳಿ ಅಳುವುದಕ್ಕೆ ನನಗೆ ಈ ಮನೆಯಲ್ಲಿ ಇನ್ನು ಯಾರಿದ್ದಾರೆ? ಇವರು ಅಳುವುದಿಲ್ಲ, ಅಂಗಡಿಗೆ ಹೋಗುತ್ತಾರೆ.

ನಾವು ಮಾತಾಡುವಾಗ ಒಳಗೆ ಕಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. ನಡುವೆ ಒಮ್ಮೆ ಸದ್ದು ನಿಂತಿತು. ಹಿಟ್ಟು ಮುಗಿದಿರಬೇಕು.

ಫೆಬ್ರುವರಿ ೮, ಭಾನುವಾರ

ನಿನ್ನೆ ನೋಡಿ ಬಂದೆ! ಪಕ್ಕದ ಮನೆಯ ಸಿದ್ದವ್ವ ಜೊತೆಗಿದ್ದಳು. ಇನ್ನೂ ಮೈ ಜುಂ ಎನ್ನುತ್ತಿದೆ. ಬೆಳಿಗ್ಗೆ ಚಹಕ್ಕೆ ಸಕ್ಕರೆ ಹಾಕುವುದನ್ನು ಮರೆತೆ, ಇವರು ಹಾಗೇ ಕುಡಿದು ಅಂಗಡಿಗೆ ಹೋದರು.

ಇಂಥ ನಾಟಕ ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ರಾಜ ಇಲ್ಲ, ರಾಕ್ಷಸ ಇಲ್ಲ, ಮೇಲಿನಿಂದ ಇಳಿಯುವ ದೇವರಿಲ್ಲ. ಪರದೆ ಎದ್ದರೆ ಒಂದು ಪಡಸಾಲೆ, ಒಂದು ಒಳಕೋಣೆಯ ಬಾಗಿಲು. ಗಿರಿಜೆ ಎಂಬ ಸೊಸೆ, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಆ ಪಾತ್ರ ಯಮುನಾಬಾಯಿಯದು. ಅವಳು ಬಂದು ಕಸ ಗುಡಿಸಿದರೂ ಸಾಕು, ನೋಡುತ್ತಲೇ ಇರಬೇಕು.

ಆ ಅತ್ತೆಯೋ! ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಹುಡುಗಿಯನ್ನು ಬಾಯಿಗೆ ಬಂದಂತೆ ಬೈಯುವಾಗ ನನಗೆ ತಡೆಯಲಾಗಲಿಲ್ಲ. “ಏ ಮುದುಕಿ, ನಿನ್ನ ಬಾಯಾಗ ಮಣ್ಣ ಬೀಳ!” ಎಂದು ಕೂಗಿಬಿಟ್ಟೆ. ಗಂಡಸರ ಕಡೆಯಿಂದ ಶಿಳ್ಳೆ ಬಂತು. ಸಿದ್ದವ್ವ ನನ್ನ ತೊಡೆ ಚಿವುಟಿದಳು. ಇಂಥ ಅತ್ತೆಯರೂ ಇರುತ್ತಾರೆ. ಸಿದ್ದವ್ವನ ಅತ್ತೆಯೇ ಹಾಗಿದ್ದಳು.

ಎರಡನೇ ಅಂಕದ ಕೊನೆ ಬರೆಯಲೇಬೇಕು. ಪಡಸಾಲೆಯಲ್ಲಿ ಮಾವ, ಅತ್ತೆ, ಭಾವ, ಊರ ಗೌಡ ಎಲ್ಲ ಕೂತು ಗಿರಿಜೆಯನ್ನು ಏನು ಮಾಡಬೇಕೆಂದು ಮಾತಾಡುತ್ತಾರೆ. ಗಿರಿಜೆ ಅಲ್ಲಿಲ್ಲ. ಒಳಗಿಂದ ಬೀಸುವ ಕಲ್ಲಿನ ಸದ್ದು ಮಾತ್ರ ಬರುತ್ತದೆ. ಹಾರ್ಮೋನಿಯಂ ಮಾಸ್ತರ ಕೈಕಟ್ಟಿ ಕೂತುಬಿಟ್ಟಿದ್ದ. ಒಮ್ಮೆಲೇ ಕಲ್ಲು ನಿಂತಿತು. ಹಿಟ್ಟು ಮೆತ್ತಿದ ಕೈಯಲ್ಲೇ ಗಿರಿಜೆ ಹೊರಗೆ ಬಂದಳು. ಈಗ ಅಳುವ ಹಾಡು ಬರುತ್ತದೆ ಎಂದು ನಾವೆಲ್ಲ ಸೆರಗು ಕಣ್ಣಿಗೆ ಹಚ್ಚಿ ತಯಾರಾಗಿದ್ದೆವು. ಹಾಡಲಿಲ್ಲ. “ಮಾತು ನಂದು ನಡದೈತಿ. ನನ್ನೊಬ್ಬಾಕಿನ್ನ ಬಿಟ್ಟು ಎಲ್ಲಾರನ್ನೂ ಕೇಳೀರಿ,” ಎಂದಳು. ಅಷ್ಟೇ. ಪರದೆ ಬಿತ್ತು.

ತಂಬುವಿನಲ್ಲಿ ಒಂದು ಕೂಸೂ ಅಳಲಿಲ್ಲ. ಚಪ್ಪಾಳೆ ಹೊಡೆಯಲೂ ಜನಕ್ಕೆ ತಿಳಿಯಲಿಲ್ಲ. ಆಮೇಲೆ ಹೊಡೆದರು ನೋಡಿ!

ಇಂಥ ಮನೆಗಳು ಎಲ್ಲಿರುತ್ತವೋ ಏನೋ. ಹುಬ್ಬಳ್ಳಿ ಕಡೆ ಇರಬಹುದು.

ಫೆಬ್ರುವರಿ ೯, ಸೋಮವಾರ

ಪೂಜೆ ಮುಗಿದ ಮೇಲೆ ಕಲ್ಲವ್ವನಿಗೆ ಇಡೀ ನಾಟಕ ಅಡಿಗೆಮನೆಯಲ್ಲೇ ಆಡಿ ತೋರಿಸಿದೆ. ಅತ್ತೆಯ ಪಾತ್ರ ನನಗೆ ಚೆನ್ನಾಗಿ ಬರುತ್ತದೆ. ಸೌಟು ಹಿಡಿದು ಬೈದೆ, ಕಲ್ಲವ್ವ ನಕ್ಕಳು. ಹಲ್ಲು ಕಾಣುವ ಹಾಗೆ ನಕ್ಕಳು. ನನಗೆಷ್ಟು ಖುಷಿಯಾಯಿತೆಂದರೆ ಇನ್ನೊಮ್ಮೆ ಬೈದೆ.

“ಹೊರಗ ಬಂದು ಗಿರಿಜಾ ಏನಂದ್ಲ್ರಿ ಅತ್ತಿ?” ಎಂದು ಮೂರು ಸಲ ಕೇಳಿದಳು. ಹೇಳಿದೆ. “ಮುಂದ ಆಕಿ ಏನಾದ್ಲು?” ಎಂದಳು. ಮೂರನೇ ಅಂಕದಲ್ಲಿ ಸಿದ್ದವ್ವ ನನ್ನ ಹೆಗಲ ಮೇಲೆ ಬಿದ್ದು ಅಳುತ್ತಿದ್ದುದರಿಂದ ನನಗೆ ಅರ್ಧ ಮಾತು ಕೇಳಿಸಿರಲಿಲ್ಲ. ಹುಡುಗಿಗೆ ಅರ್ಧಮರ್ಧ ಹೇಳುವುದು ಸರಿಯಲ್ಲ. ಇನ್ನೊಮ್ಮೆ ಹೋಗಬೇಕು.

ಫೆಬ್ರುವರಿ ೧೩, ಶುಕ್ರವಾರ

ನಿನ್ನೆ ಇನ್ನೊಮ್ಮೆ ಹೋದೆ. ಮೂರನೇ ಅಂಕವೂ ಬಾಯಿಪಾಠವಾಯಿತು. ಗಿರಿಜೆ ಮನೆ ಬಿಟ್ಟು ಹೊಲಿಗೆ ಕಲಿತು, ತಾನೇ ಇಷ್ಟಪಟ್ಟ ಶಾಲೆ ಮಾಸ್ತರನ ಕೈಹಿಡಿಯುತ್ತಾಳೆ. ಮಾಸ್ತರನ ಮೀಸೆ ಒಂದು ಕಡೆ ಬಿಚ್ಚಿಹೋಗಿತ್ತು, ಆದರೂ ಯಾರೂ ನಗಲಿಲ್ಲ.

ಇವರು, “ಮತ್ತ ಅದ ನಾಟಕಾನ?” ಎಂದರು. “ನೀವು ದಿನಾ ಅದ ಅಂಗಡಿಗೆ ಹೋಗೂದಿಲ್ಲೇನ್ರಿ?” ಎಂದೆ.

ಫೆಬ್ರುವರಿ ೧೮, ಬುಧವಾರ

ಬರುವ ಭಾನುವಾರ ಮಧ್ಯಾಹ್ನ ಹೆಂಗಸರಿಗಾಗಿಯೇ ವಿಶೇಷ ಆಟವಂತೆ. ಗಂಡಸರಿಗೆ ಪ್ರವೇಶವಿಲ್ಲ, ಬಾಗಿಲಲ್ಲಿ ಟಿಕೆಟ್ ಹರಿಯುವವಳೂ ಹೆಂಗಸೇ. ಸಿದ್ದಾಪುರದ ಕಡೆಯಿಂದ, ಕಾನಸೂರಿನಿಂದ ಗಾಡಿ ಕಟ್ಟಿಕೊಂಡು ಬರುತ್ತಾರಂತೆ.

ಕಲ್ಲವ್ವನನ್ನೂ ಕರೆದುಕೊಂಡು ಹೋಗುತ್ತೇನೆ. ಅಡಿಗೆಮನೆಯಲ್ಲಿ ಎಷ್ಟೆಂದು ಆಡಲಿ, ನನಗೂ ಮೊಣಕಾಲು ನೋವು. ಸಿದ್ದವ್ವ ಮೂಗು ಮುರಿದಳು: “ಗಂಡ ಸತ್ತಾಕೀನ್ನ ನಾಟಕಕ್ಕ ಕರಕೊಂಡು ಹೋಗ್ತಾರೇನ ಸಾವಿತ್ರವ್ವ? ನಾಕ್ ಮಂದಿ ಏನಂದಾರು?” ನಾನು, “ನಾಟಕ ಗಂಡ ಸತ್ತಾಕಿದ ಐತಲ್ಲ, ಆಕಿ ನೋಡದ ಮತ್ಯಾರ ನೋಡಬೇಕು?” ಎಂದೆ. ಆ ಮಾತು ನನಗೆ ಎಲ್ಲಿಂದ ಹೊಳೆಯಿತೋ ತಿಳಿಯದು.

ಯಮುನಾಬಾಯಿಗೆ ಉಡಿ ತುಂಬುವುದೆಂದೂ ಮಾತಾಗಿದೆ. ಮೆಚ್ಚಿದ ನಟಿಗೆ ಹೆಂಗಸರು ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ಮಡಿಲಿಗೆ ಹಾಕುವುದು ಎಲ್ಲ ಊರಲ್ಲೂ ಉಂಟು. ಇವರ ಅಂಗಡಿಯಿಂದ ಹಸಿರು ಖಣ ತೆಗೆದಿಟ್ಟಿದ್ದೇನೆ. ಮೊದಲು ನಾನೇ ತುಂಬಬೇಕೆಂದು ಕಂಪನಿಯವರಿಗೆ ಹೇಳಿ ಕಳಿಸಿದ್ದೇನೆ.

ಫೆಬ್ರುವರಿ ೨೨, ಭಾನುವಾರ

ಅಕ್ಷರ ಸೊಟ್ಟ ಬಂದರೆ ಬರಲಿ, ಇಂದಿನದನ್ನು ಇಂದೇ ಬರೆಯಬೇಕು.

ತಂಬು ತುಂಬಿ ಹೊರಗೂ ನಿಂತಿದ್ದರು. ಕಲ್ಲವ್ವ ಕಂಬದ ಹಿಂದೆ ಕೂರಲು ಹೋದಳು, ಎಳೆದು ನನ್ನ ಪಕ್ಕ ಕೂರಿಸಿಕೊಂಡೆ. ಬೀಸುವ ಕಲ್ಲು ನಿಂತಾಗ ಅವಳು ನನ್ನ ಕೈ ಹಿಡಿದಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನ್ನ ಬಳೆಯೊಂದು ಒಡೆಯಿತು.

ಎರಡನೇ ಅಂಕ ಮುಗಿದು ವಿರಾಮ. ರಂಗದ ಮೇಲೆ ಮಣೆ ಹಾಕಿ ಯಮುನಾಬಾಯಿಯನ್ನು ಕೂರಿಸಿದರು. ಗಿರಿಜೆಯ ವೇಷದಲ್ಲೇ ಇದ್ದಳು, ಬಿಳಿ ಸೀರೆ, ಬೋಳು ಹಣೆ. ವೇಷ ವೇಷವೇ ತಾನೇ, ಮುಖ ತೊಳೆದರೆ ನಮ್ಮ ಹಾಗೇ ಮುತ್ತೈದೆ ಎಂದುಕೊಂಡು ನಾನು ಮೆಟ್ಟಿಲು ಹತ್ತಿದೆ. ಹಿಂದೆ ಸಿದ್ದವ್ವ, ಅವಳ ಹಿಂದೆ ಹತ್ತಾರು ಹೆಂಗಸರು, ಕಾಯಿ ಹಿಡಿದು ಸಾಲಾಗಿ.

ಕುಂಕುಮಕ್ಕೆ ಬೆರಳು ಅದ್ದಿ ಹಣೆಯ ಹತ್ತಿರ ಒಯ್ದೆ. ಅವಳು ನನ್ನ ಮುಂಗೈ ಹಿಡಿದಳು.

“ಬ್ಯಾಡ್ರಿ ಅವ್ವಾರ,” ಎಂದಳು. ಸಣ್ಣಗೆ ಹೇಳಿದರೂ ಆ ಹೆಣ್ಣಿನ ಧ್ವನಿ ಕೊನೆಯ ಸಾಲಿಗೂ ಕೇಳಿಸುವಂಥದು. “ನಾನು ಖರೇನ ಗಂಡನ್ನ ಕಳಕೊಂಡಾಕಿ. ಈ ಹಣಿ ವೇಷಕ್ಕಂತ ಅಳಿಸಿದ್ದಲ್ಲ. ಬ್ಯಾರೆ ನಾಟಕದಾಗ ಹಚ್ಚಿಕೊಳ್ಳೂದ ವೇಷ.”

ಹಿಂದಿನ ಸಾಲು ಅಲ್ಲೇ ನಿಂತುಬಿಟ್ಟಿತು. ಸಿದ್ದವ್ವ ನನ್ನ ಸೆರಗು ಎಳೆದು, “ಇಳಿ ಸಾವಿತ್ರವ್ವ, ಇಳಿ ಕೆಳಗ,” ಎಂದಳು. ನನ್ನ ಬಲಗೈಯ ಬೆರಳಿಗೆ ಕುಂಕುಮ, ಎಡಗೈಯಲ್ಲಿ ಅಕ್ಕಿಯ ತಟ್ಟೆ. ಇಡೀ ತಂಬು ನನ್ನನ್ನೇ ನೋಡುತ್ತಿತ್ತು. ನಾಚಿಕೆ ಆಯಿತು, ಹೆದರಿಕೆ ಆಯಿತು, ಆಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದು. ಈಗತಾನೇ ಈ ಹೆಣ್ಣಿಗಾಗಿ ಗೊಳೋ ಎಂದು ಅತ್ತ ಮಂದಿಯೇ ಕಾಯಿ ಮುಚ್ಚಿಟ್ಟುಕೊಂಡು ಹಿಂದೆ ಸರಿಯುತ್ತಿದ್ದರು!

ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಮುದುಕಿ, ಕಾನಸೂರು ಕಡೆಯ ಬ್ರಾಹ್ಮಣರ ಅಜ್ಜಿ, ಕೆಂಪು ಸೀರೆಯನ್ನು ಬೋಳುತಲೆಯ ಮೇಲೆ ಹೊದ್ದುಕೊಂಡವಳು, ಗಟ್ಟಿಯಾಗಿ, “ಎಂತಕ್ಕೆ ನಿಂತ್ಕಂಡೆ ತಂಗಿ? ಹಾಕು!” ಎಂದಳು.

“ಎತ್ತಿದ ಅಕ್ಕಿ ತಿರುಗಿ ಚೀಲಕ್ಕ ಹಾಕೂದು ನಮ್ಮ ಮನ್ಯಾಗ ಇಲ್ಲ. ಸೆರಗು ಒಡ್ಡವಾ,” ಎಂದೆ ಯಮುನಾಬಾಯಿಗೆ. ಕುಂಕುಮ ಹಚ್ಚಿದೆ. ಅಕ್ಕಿ, ಕಾಯಿ, ಖಣ, ಎಲೆ, ಅಡಿಕೆ ಎಲ್ಲ ಹಾಕಿದೆ. ಅಷ್ಟು ಹೊತ್ತು ರಂಗದ ಮೇಲೆ ಒಂದು ಹನಿ ಕಣ್ಣೀರು ಹಾಕದ ಹೆಣ್ಣು ಈಗ ನನ್ನ ಕೈ ಮೇಲೆ ಅತ್ತಳು.

ಸಿದ್ದವ್ವ ಕಾಯಿ ವಾಪಸ್ಸು ಒಯ್ದಳು. ಇನ್ನೂ ಹಲವರು ಒಯ್ದರು. ಇಬ್ಬರು ಮಾತ್ರ ನನ್ನ ಹಿಂದೆ ಬಂದು ಹಾಕಿದರು, ಅವರು ಯಾರ ಮನೆಯವರೋ ನನಗೆ ಗೊತ್ತಿಲ್ಲ.

ಮನೆಯ ಹತ್ತಿರ ಬಂದಾಗ ಕಲ್ಲವ್ವ, “ಆಕಿ ಕೈ ನಡುಗತಿತ್ತೇನ್ರಿ ಅತ್ತಿ?” ಎಂದಳು. ನಡುಗುತ್ತಿದ್ದುದು ನನ್ನ ಕೈ. ಹೌದು ಎಂದೆ.

ಫೆಬ್ರುವರಿ ೨೪, ಮಂಗಳವಾರ

ಊರೆಲ್ಲ ನನ್ನದೇ ಸುದ್ದಿ. ಅಂಗಡಿಗೆ ಬಂದವರೆಲ್ಲ ಬಟ್ಟೆ ನೋಡುವ ಮೊದಲು ಇವರ ಮುಖ ನೋಡುತ್ತಾರಂತೆ. “ಊರ ಬಾಯಿಗೆ ನೀನಾಗೇ ತಲಿ ಕೊಟ್ಟಿ,” ಎಂದರು. ಬೈಯಲಿಲ್ಲ. ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕುತ್ತ, “ಹಸರು ಖಣ ಆಕಿಗೆ ಒಪ್ಪತಿತ್ತೇನು?” ಎಂದು ಕೇಳಿದರು. ಮೂವತ್ತು ವರ್ಷ ಸಂಸಾರ ಮಾಡಿದರೂ ಈ ಮನುಷ್ಯ ನನಗೆ ಪೂರ್ತಿ ತಿಳಿದಿಲ್ಲ.

ಸಿದ್ದವ್ವ ನೀರಿಗೆ ಬರುವ ಹೊತ್ತು ಬದಲಿಸಿದ್ದಾಳೆ. ಬದಲಿಸಲಿ. ಬಾವಿ ಎಲ್ಲಿಗೂ ಹೋಗುವುದಿಲ್ಲ.

ಮಾರ್ಚ್ ೧, ಭಾನುವಾರ

ಕೆರಿಯಪ್ಪ ಹೇಳಿದ ದಿನಕ್ಕೆ ಸರಿಯಾಗಿ ಬಂದ. ಪಡಸಾಲೆಯಲ್ಲಿ ಕೂತೆವು. ಇವರು ಕೆಮ್ಮಿದರು. ಕೆರಿಯಪ್ಪ ಬಸಪ್ಪನ ಗುಣಗಾನ ಶುರು ಮಾಡಿದ. ನನಗೆ ಕೂರಲಾಗಲಿಲ್ಲ. ಎದ್ದು ಒಳಗೆ ಹೋಗಿ, “ಕಲ್ಲವ್ವ, ಕೈ ತೊಳಕೊಂಡು ಹೊರಗ ಬಾ. ನಿನ್ನ ಮಾತು ನಡದೈತಿ, ನೀನ ಹೇಳು,” ಎಂದೆ. ಇದನ್ನು ನನಗೆ ನಾಟಕದವರು ಹೇಳಿಕೊಡಬೇಕಾಗಿಲ್ಲ, ಇಷ್ಟು ಬುದ್ಧಿ ನನಗೆ ಮೊದಲಿನಿಂದಲೂ ಇದೆ.

ಇವರು, “ಆಕಿನ್ನೇನ್ ಕೇಳೂದು?” ಎಂದರು. ನಾನು ದುರುಗುಟ್ಟಿ ನೋಡಿದೆ.

ಉತ್ತರ ನನಗೆ ಗೊತ್ತಿತ್ತು. ಅದಕ್ಕೇ ಧೈರ್ಯವಾಗಿ ಕರೆದೆ. ‘ಅತ್ತಿಯನ್ನ ಬಿಟ್ಟು ಎಲ್ಲಿಗೆ ಹೋಗಲಿ’ ಎನ್ನುತ್ತಾಳೆ, ಕೆರಿಯಪ್ಪ ಚಹ ಕುಡಿದು ಹೋಗುತ್ತಾನೆ, ನಾನು ರಾತ್ರಿಗೆ ಶಾವಿಗೆ ಪಾಯಸ ಮಾಡುತ್ತೇನೆ. ಶಾವಿಗೆ ತೆಗೆದೂ ಇಟ್ಟಿದ್ದೆ.

ಕಲ್ಲವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಣ್ಣನನ್ನು ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ. ನನ್ನನ್ನೇ ನೋಡಿ, “ಹೋಗ್ತೀನ್ರಿ ಅತ್ತಿ,” ಎಂದಳು.

ನನಗೆ ಕೇಳಿಸಲಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಿದಳು. ಕೇಳಿಸಿತ್ತು.

“ನಾವು ನಿನಗೇನ್ ಮಾಡೀವಿ?” ಎಂದೆ.

“ನೀವು ನನ್ನ ಚೊಲೋನ ನೋಡಿಕೊಂಡೀರಿ. ಆದ್ರ ಇಲ್ಲೆ ನನ್ನ ಮಾರಿ ನೋಡಿದ್ರ ಎಲ್ಲಾರಿಗೂ ಅವ್ರ ನೆನಪಾಗ್ತಾರ್ರಿ. ನಿಮಗೂ. ನನ್ನ ನೋಡಿ ನನ್ನನ್ನ ನೋಡಾವ್ರು ಯಾರೂ ಇಲ್ಲ.” ಹೇಳಿ ಒಳಗೆ ಹೋದಳು. ಅಳಲಿಲ್ಲ, ಓಡಲಿಲ್ಲ, ನಡೆದುಕೊಂಡು ಹೋದಳು.

ಕೆರಿಯಪ್ಪನಿಗೆ ಹೂಂ ಎಂದೆ. ಯಾರ ಬಾಯಿಂದ ಬಂತೋ ಎನ್ನುವ ಹಾಗೆ ಬಂತು. ಅವನು ನನ್ನ ಕಾಲಿಗೆ ಬಿದ್ದ. ಇವರೇ ಅವನನ್ನು ಎಬ್ಬಿಸಿದರು. ಶಾವಿಗೆ ತೆಗೆದಿಟ್ಟಲ್ಲೇ ಉಳಿಯಿತು.

ಮಾರ್ಚ್ ೩, ಮಂಗಳವಾರ

ಇಂದು ಬರೆಯುವುದಿಲ್ಲ.

ಮಾರ್ಚ್ ೧೧, ಬುಧವಾರ

ಶಿವರಾತ್ರಿ ಮುಗಿಯಿತು. ಕಂಪನಿ ತಂಬು ಬಿಚ್ಚಿ ಯಲ್ಲಾಪುರಕ್ಕೆ ಹೊರಟಿತು. ಯಮುನಾಬಾಯಿ ಲಾರಿಯ ಮುಂದಿನ ಸೀಟಿನಲ್ಲಿ ಕೂತು ನಮ್ಮ ಓಣಿಯ ಬಾಯಿಯಲ್ಲಿ ಕೈ ಮುಗಿದು ಹೋದಳಂತೆ. ನಾನು ಹಿತ್ತಲಲ್ಲಿದ್ದೆ, ತಪ್ಪಿಹೋಯಿತು.

ಅಂಗಡಿಗೆ ಹೋಗಿ ಇಳಕಲ್ ಸೀರೆ ಆರಿಸಿದೆ. ಇವರು ತೋರಿಸಿದ ಬೂದು ಬಣ್ಣ ನೋಡಿ, “ಇದನ್ನ ನೀವ ಉಟಗೋರಿ,” ಎಂದೆ. ಕಲ್ಲವ್ವನ ಬಣ್ಣಕ್ಕೆ ದಾಳಿಂಬೆ ಕೆಂಪು ಒಪ್ಪುತ್ತದೆ. ಮನೆಗೆ ತಂದು ಅವಳ ಹೆಗಲ ಮೇಲೆ ಹಾಕಿ ನೋಡಿದೆ, ನಕ್ಕಳು. ಅವಳ ಬಲಗಲ್ಲದಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ! ಈ ಮನೆಗೆ ಬಂದು ನಾಲ್ಕು ವರ್ಷವಾಯಿತು, ನಾನು ನೋಡಿಯೇ ಇರಲಿಲ್ಲ.

ಸಿದ್ದವ್ವ ಗೋಡೆಯಾಚೆಯಿಂದ ಮಾತು ತೆಗೆದಳು. “ಖರೇನ ಕಳಸ್ತಿಯೇನು?” ಎಂದಳು. “ನಾನು ಮೊದಲಿಂದಾನೂ ಅದನ್ನ ಹೇಳಾಕ್ಹತ್ತಿದ್ದೆ, ಇವ್ರ ಕೇಳಲಿಲ್ಲ,” ಎಂದೆ. ನಿಜವೇ ತಾನೇ.

ಮಾರ್ಚ್ ೨೨, ಭಾನುವಾರ

ಎಲ್ಲ ಮುಗಿಯಿತು. ಬನವಾಸಿ ಕಡೆ ಕೆರಿಯಪ್ಪನ ಹಳ್ಳಿಯಲ್ಲಿ ನಿನ್ನೆ ಉಡಿಕಿ. ಕತ್ತಲಾಗಲಿ ಎಂದು ಹಿರಿಯರು ಕಾಯುತ್ತಿದ್ದರು. “ಕಳ್ಳತನ ಮಾಡಾಕ ಬಂದೀವೇನು? ಬೆಳಕಿರತ ಮಾಡ್ರಿ,” ಎಂದೆ. ಮುತ್ತೈದೆಯರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೋಗಲಿಲ್ಲ. ಸೀರೆ ನಾನೇ ಉಡಿಸಿದೆ, ಬಳೆ ನಾನೇ ಏರಿಸಿದೆ, ಉಡಿ ನಾನೇ ತುಂಬಿದೆ. ಬಾಗಿಲ ಸಂದಿಯಿಂದ ಎಲ್ಲರೂ ನೋಡಿದರು, ನನಗೆ ಕಾಣುತ್ತಿತ್ತು.

ಬಸಪ್ಪ ಕಪ್ಪಗಿದ್ದಾನೆ, ಮಾತು ಕಡಿಮೆ. ಊಟಕ್ಕೆ ಕೂತಾಗ ಕಲ್ಲವ್ವ ಇನ್ನೂ ಉಂಡಿಲ್ಲವೆಂದು ತಿಳಿದು ಕೈ ತಡೆದು ಕೂತ. ಅದನ್ನು ನೋಡಿದೆ.

ಇಂದು ಬೆಳಿಗ್ಗೆ ಶಿರಸಿಯಲ್ಲಿ ಯಲ್ಲಾಪುರದ ಮೋಟಾರು ಹತ್ತಿಸಿದೆವು. ಇವರು ಬಸಪ್ಪನಿಗೆ ದಾರಿಯ ಬಗ್ಗೆ ಏನೇನೋ ಕೇಳುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದರು. ಧೂಳಂತೆ. ಕಲ್ಲವ್ವ ನನ್ನ ಕಾಲು ಮುಟ್ಟಿ, “ಬರ್ತೀನ್ರಿ ಅತ್ತಿ,” ಎಂದಳು.

“ಅತ್ತಿ ಅರಬೈಲಿನಾಗ ಅದಾಳ,” ಎಂದೆ. “ನನಗ ಅವ್ವಾ ಅನ್ನು.”

ಅವಳು ಅನ್ನಲಿಲ್ಲ. ಮೋಟಾರು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ, “ಅವ್ವಾ!” ಎಂದು ಕೂಗಿದಳು. ಅಷ್ಟು ದೊಡ್ಡ ಧ್ವನಿ ಆ ಹುಡುಗಿಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಚನ್ನವೀರ ಹೋದ ದಿನ ಅತ್ತಷ್ಟೇ ಅತ್ತೆ, ಆದರೆ ಅವತ್ತಿನ ಹಾಗಲ್ಲ.

ತಿರುಗಿ ಬರುವಾಗ ಕೆರಿಯಪ್ಪನ ಕೂಡ ಜಗಳವಾಯಿತು. “ನಾಗರ ಪಂಚಮಿಗೆ ನಾನು ಹೋಗಿ ತಂಗೀನ್ನ ಕರಕೊಂಡು ಬರ್ತೀನಿ,” ಎಂದ. “ನೀ ಯಾರ ಕರಿಯಾಕ?” ಎಂದೆ. “ಮೊದಲನೇ ಪಂಚಮಿ ತವರುಮನ್ಯಾಗ ಆಗಬೇಕು. ಆಕಿ ತವರುಮನಿ ಶಿರಸಿಯೊಳಗ ಐತಿ. ನೀನು ಬೇಕಂದ್ರ ನಮ್ಮನಿಗೆ ಬಂದು ಉಂಡಿ ತಿಂದು ಹೋಗು.”

ಪಂಚಮಿ ಶ್ರಾವಣದಲ್ಲಿ, ಇನ್ನೂ ಯುಗಾದಿಯೇ ಬಂದಿಲ್ಲ. ಆದರೂ ಕಲ್ಲವ್ವ ಆಡುವ ಜೋಕಾಲಿಗೆ ಒಳ್ಳೆಯ ಹಗ್ಗ ನೋಡಿಡಿ ಎಂದು ಇವರಿಗೆ ಹೇಳಿದೆ. ನಾಳೆಯೇ ತರುತ್ತಾರಂತೆ.